ಬೀರಮ್ಮನಿಗೆ ನಾನು ತಲುಪಿಸದ ಮಾತು

ಎಂಬತ್ತರ ದಶಕದ ಆರಂಭದ ವರ್ಷಗಳಲ್ಲಿ ನಾನು ರಾಮನಗರದಲ್ಲಿ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ಆಗ ರಾಮನಗರ ಬೆಂಗಳೂರು ಜಿಲ್ಲೆಯ ಒಂದು ತಾಲ್ಲೂಕು. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ರೈತರು ಗೂಡಿನ ಚೀಲಗಳನ್ನು ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ಬೆಳಗಾಗುತ್ತಲೇ ಮಾರುಕಟ್ಟೆಗೆ ಬಂದಿಳಿಯುತ್ತಿದ್ದರು. ರಾಗಿ ಹೊಲಗಳು ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲ ಅದು. ಪೇಟೆಯ ಯಾವ ಬೀದಿಗೆ ಕಾಲಿಟ್ಟರೂ ಗೂಡು ಬೇಯುವ ವಾಸನೆ ಬರುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಆ ವಾಸನೆ ಇಲ್ಲದ ದಿನ ಊರಿನಲ್ಲೇನೋ ಆಗಿದೆ ಅನ್ನಿಸುತ್ತಿತ್ತು.

ನನ್ನ ಕೆಲಸ ನೂಲು ಬಿಚ್ಚಾಣಿಕೆಗೆ ಸಂಬಂಧಿಸಿದ್ದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅದರ ಅಂಟು ಸಡಿಲವಾಗುತ್ತದೆ. ಆಗ ಎಳೆಯ ತುದಿ ಹುಡುಕಿ, ಏಳೆಂಟು ಗೂಡುಗಳ ಎಳೆಗಳನ್ನು ಕೂಡಿಸಿ ರಾಟೆಗೆ ಸುತ್ತಬೇಕು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ಎಳೆಯನ್ನು ಕಣ್ಣುಮುಚ್ಚಿ ಬಿಡುವುದರೊಳಗೆ ಕೊಡಬೇಕು. ತಡವಾದರೆ ಆ ಜಾಗದಲ್ಲಿ ನೂಲು ತೆಳ್ಳಗಾಗುತ್ತದೆ, ಮಗ್ಗದಲ್ಲಿ ಹರಿಯುತ್ತದೆ. ನೂಲಿನ ದಪ್ಪವನ್ನು ಡೆನಿಯರ್‌ನಲ್ಲಿ ಅಳೆಯುತ್ತಾರೆ: ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಇದನ್ನೆಲ್ಲ ನಾನು ಬಿ.ಎಸ್ಸಿ. ಓದಿ, ಇಲಾಖೆಯ ತರಬೇತಿ ಮುಗಿಸಿ, ಬಾಯಿಪಾಠ ಮಾಡಿಕೊಂಡಿದ್ದೆ. ಕೈಯಲ್ಲಿ ಮಾಡಲು ಮಾತ್ರ ಬರುತ್ತಿರಲಿಲ್ಲ. ಅಧಿಕಾರಿಗೆ ಅದರ ಅಗತ್ಯವಿಲ್ಲ ಎಂದೇ ನಂಬಿದ್ದೆ.

ಜಪಾನಿನ ಒಂದು ರೇಷ್ಮೆ ಸಂಸ್ಥೆಯಿಂದ ಆಹ್ವಾನ ಬಂದದ್ದು ಆಗಲೇ. ಆರು ವಾರ ಅಲ್ಲಿನ ನೂಲು ಘಟಕದಲ್ಲಿ ಕೆಲಸ ಮಾಡುತ್ತ ಕಲಿಯಬೇಕು. ಇಬ್ಬರಿಗೆ ಅವಕಾಶ: ಒಬ್ಬರು ಅಧಿಕಾರಿ, ಇನ್ನೊಬ್ಬರು ಕೈಯಾರೆ ನೂಲು ತೆಗೆಯುವವರು. ನನ್ನ ಹೆಸರು ಬಂದಾಗ ಮಾಗಡಿಯಲ್ಲಿ ಮೇಷ್ಟರಾಗಿದ್ದ ನಮ್ಮ ತಂದೆ ಬೀದಿಗೆಲ್ಲ ಸಕ್ಕರೆ ಹಂಚಿದರು. ಎರಡನೆಯ ಹೆಸರು ಬೀರಮ್ಮನದು.

ಬೀರಮ್ಮ ನಮ್ಮ ಸರ್ಕಾರಿ ಮಾದರಿ ಘಟಕದಲ್ಲಿ ದಿನಗೂಲಿಗೆ ನೂಲು ತೆಗೆಯುತ್ತಿದ್ದಳು. ಕನಕಪುರದ ಕಡೆಯ ಹಳ್ಳಿಯವಳು, ಕುರಿ ಸಾಕುವ ಮನೆತನ. ಗಂಡ ವರ್ಷದ ಅರ್ಧ ಕಾಲ ಮಂದೆಯ ಹಿಂದೆ ಊರೂರು ಅಲೆಯುತ್ತಿದ್ದ. ಒಂಬತ್ತು ವರ್ಷದ ಮಗಳು ಅಜ್ಜಿಯ ಮನೆಯಲ್ಲಿದ್ದಳು. ನಾಲ್ಕನೆಯ ತರಗತಿಗೆ ಓದು ಬಿಟ್ಟಿದ್ದ ಬೀರಮ್ಮ ಬೆಂಗಳೂರು ನೋಡಿದ್ದೇ ಎರಡು ಸಲ. ಆದರೆ ಅವಳು ತೆಗೆದ ನೂಲನ್ನು ಪರೀಕ್ಷೆಗೆ ಹಾಕಿದರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ. ಆಯ್ಕೆಗೆ ಬಂದ ಮೇಲಧಿಕಾರಿಗಳು ನಾಲ್ಕು ಜನರ ನೂಲನ್ನು ಸಾಲಾಗಿಟ್ಟು ನೋಡಿ ಅವಳದನ್ನೇ ಎತ್ತಿಕೊಂಡರು.

ನನಗೆ ಆಗ ಅವಳ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಕರುಣೆ ಇತ್ತು. ಪಾಪ, ಈ ಹೆಂಗಸು ಅಷ್ಟು ದೂರ ಬಂದು ಏನು ಮಾಡುತ್ತಾಳೆ, ನಾನೇ ಕೈಹಿಡಿದು ಎಲ್ಲ ತೋರಿಸಬೇಕು ಎಂದುಕೊಂಡಿದ್ದೆ. ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖು ಕೇಳಿದಾಗ ಅವಳು, "ನಮ್ಮವ್ವ ರಾಗಿ ಕುಯ್ಲಲ್ಲಿ ಅಂತಾದೆ ಮೇಡಂ, ತಾರೀಕು ನೀವೇ ಒಂದು ಬರ್ಕಳಿ" ಎಂದಳು. ಬರೆದೆ. ಹೊರಡುವ ಹಿಂದಿನ ಶನಿವಾರ ಕೆಂಗಲ್ ಆಂಜನೇಯನಿಗೆ ಇಬ್ಬರ ಹೆಸರಲ್ಲೂ ಕಾಯಿ ಒಡೆಸಿಕೊಂಡು ಬಂದು ಪ್ರಸಾದ ಕೊಟ್ಟಳು.

ವಿಮಾನದಲ್ಲಿ ಅವಳು ಸೆರಗು ಹೊದ್ದು ಮಲಗಿಬಿಟ್ಟಳು. ನಾನು ದಾರಿಯುದ್ದಕ್ಕೂ ವಾಂತಿ ಮಾಡಿದೆ.

ಜಪಾನಿನಲ್ಲಿ ಇಳಿದಾಗ ನನ್ನ ಗಮನಕ್ಕೆ ಮೊದಲು ಬಂದದ್ದು ಅಲ್ಲಿನ ಸದ್ದಿಲ್ಲದ ಜನಸಂದಣಿ. ಸಾವಿರಾರು ಜನ ಓಡಾಡುತ್ತಿದ್ದಾರೆ, ಯಾರೂ ಯಾರನ್ನೂ ಕೂಗುತ್ತಿಲ್ಲ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಓಗಾವಾ ಎಂಬ ಯುವಕ ಸಂಸ್ಥೆಯ ದುಭಾಷಿ. ಜಪಾನಿಯನ್ನು ಇಂಗ್ಲಿಷಿಗೆ ಅವನು ತರಬೇಕು, ಇಂಗ್ಲಿಷನ್ನು ಕನ್ನಡಕ್ಕೆ ನಾನು ತರಬೇಕು ಎಂಬುದು ಏರ್ಪಾಡು. ರೈಲು ಅವನು ಹೇಳಿದ ನಿಮಿಷಕ್ಕೆ ಬಂತು. ಕಿಟಕಿಯಾಚೆ ಬೆಟ್ಟಗಳು ಕೆಂಪಾಗಿದ್ದವು. ಅದು ಎಲೆ ಹಣ್ಣಾಗುವ ಕಾಲವಂತೆ. ನಾನು ನೋಟ್‌ಬುಕ್ ತೆಗೆದು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಬೀರಮ್ಮ ಹೊರಗೆ ನೋಡುತ್ತ, "ನಮ್ ಕಡೆ ಬೆಟ್ಟ ಅಂದ್ರೆ ಬರೀ ಬಂಡೆ. ಇಲ್ಲಿ ಬಂಡೆನೇ ಕಾಣಕ್ಕಿಲ್ಲ. ಕುರಿ ಬುಟ್ರೆ ವಾಪಸ್ ಬರಾಕಿಲ್ಲ ಕಣ್ ಮೇಡಂ" ಎಂದಳು.

ಬೆಟ್ಟಗಳ ನಡುವಿನ ಒಂದು ಸಣ್ಣ ಊರು ನಮ್ಮದಾಯಿತು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಒಳಗೆ ಬೇರೆ ಚಪ್ಪಲಿ, ಬಚ್ಚಲಿಗೆ ಮತ್ತೊಂದು. ಕೋಣೆಯಲ್ಲಿ ಮಂಚವಿಲ್ಲ, ನೆಲಕ್ಕೆ ಹುಲ್ಲಿನ ಚಾಪೆ. ಸ್ನಾನ ಎಂದರೆ ಹತ್ತು ಹೆಂಗಸರು ಒಂದೇ ತೊಟ್ಟಿಯಲ್ಲಿ. ಮಾಂಸ ಮುಟ್ಟದ ಮನೆಯಿಂದ ಬಂದ ನನಗೆ ಸಾರಿನಲ್ಲೂ ಮೀನಿನ ವಾಸನೆ ಹೊಡೆಯುತ್ತಿತ್ತು. ಮೂರು ದಿನ ಬರೀ ಅನ್ನ ನುಂಗಿದೆ. ನಾಲ್ಕನೆಯ ದಿನ ಅನ್ನವೂ ಇಳಿಯಲಿಲ್ಲ. ಬೀರಮ್ಮ ತಾನು ತಂದಿದ್ದ ಡಬ್ಬಿಯಿಂದ ರಾಗಿ ಹುರಿಹಿಟ್ಟು ತೆಗೆದು, ಹಾಲಿಗೆ ಸಕ್ಕರೆ ಹಾಕಿ ಕಲಸಿಕೊಟ್ಟಳು. ಅವಳು ಮಾತ್ರ ಮೀನು, ಮೊಟ್ಟೆ, ಏನು ಬಡಿಸಿದರೂ ತಿಂದಳು. ಒಂದು ದಿನ ರೇಷ್ಮೆ ಗೂಡಿನೊಳಗಿನ ಹುಳವನ್ನೇ ಬೇಯಿಸಿ ಸಿಹಿ ಮಾಡಿಟ್ಟಿದ್ದರು. "ಇದ್ನೂ ತಿಂತಾರಾ!" ಎಂದು ಒಂದು ಗಳಿಗೆ ನೋಡಿ, ಒಂದನ್ನು ಬಾಯಿಗೆ ಹಾಕಿಕೊಂಡು ನಕ್ಕಳು. ಮೇಜಿನ ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈತೊಳೆಯುವ ನೆಪದಲ್ಲಿ ಎದ್ದುಹೋದೆ. ಯಾರಿಗೆ ನಾನು ಕೈಹಿಡಿದು ದೇಶ ತೋರಿಸಬೇಕೆಂದಿದ್ದೆನೋ ಅವಳು ಕೊಟ್ಟ ಹುರಿಹಿಟ್ಟಿನಲ್ಲಿ ನಾನು ಬದುಕಿದ್ದೆ.

ನಮಗೆ ಕಲಿಸುವವರು ಹರು-ಸಾನ್ ಎಂಬ ಅರವತ್ತರ ಆಸುಪಾಸಿನ ಹೆಂಗಸು. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಬೀರಮ್ಮನ ಬಾಯಲ್ಲಿ ಅದು ಎರಡೇ ದಿನಕ್ಕೆ 'ಅರಮ್ಮ' ಆಯಿತು. ಮೊದಲ ಭೇಟಿಯಲ್ಲಿ ಹರು-ಸಾನ್ ನನಗೆ ಸೊಂಟ ಬಗ್ಗಿಸಿ ವಂದಿಸಿದರು. ಆಮೇಲೆ ಬೀರಮ್ಮನ ಬಲಗೈ ತೆಗೆದುಕೊಂಡು ಅಂಗೈ ಮೇಲಾಗಿ ತಿರುಗಿಸಿದರು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಬಿರುಕುಬಿಟ್ಟಿದ್ದವು. ಹರು-ಸಾನ್ ತಮ್ಮ ಕೈಯನ್ನು ಅದರ ಪಕ್ಕ ಹಿಡಿದರು. ಅವೇ ಬಿರುಕುಗಳು, ಅದೇ ಬಿಳುಪು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕೈಯನ್ನು ಯಾರೂ ಕೇಳಲಿಲ್ಲ. ಶಾಯಿ ಹತ್ತಿದ ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡೆ.

ಅಲ್ಲಿಂದ ಶುರುವಾಯಿತು.

ಅಲ್ಲಿ ಬಿಚ್ಚುತ್ತಿದ್ದದ್ದು ಬೈವೋಲ್ಟೀನ್ ಗೂಡು. ವರ್ಷಕ್ಕೆ ಎರಡೇ ಪೀಳಿಗೆ ಕೊಡುವ ತಳಿ. ಗೂಡು ಹಾಲಿನಂತೆ ಬಿಳುಪು, ಎಳೆ ನಮ್ಮ ಹಳದಿ ಗೂಡಿನ ಎಳೆಗಿಂತ ಬಹಳ ಉದ್ದ. ನಮ್ಮ ರೈತರಿಗೂ ಇದನ್ನು ಹಿಡಿಸಬೇಕೆಂಬುದು ಇಲಾಖೆಯ ಆಸೆ. ಗೂಡುಗಳನ್ನು ನೋಡಿದಾಗ ಆ ದೇಶದ ಮೇಲೆಯೇ ಅಸೂಯೆಯಾಯಿತು. ಬುಟ್ಟಿಯಿಂದ ಯಾವುದನ್ನು ಎತ್ತಿಕೊಂಡರೂ ಇನ್ನೊಂದರ ಅಳತೆಯೇ. ನಮ್ಮ ಮಾರುಕಟ್ಟೆಯ ಕಲಬೆರಕೆ ರಾಶಿ ನೆನಪಾಗಿ ನಾಚಿಕೆಯಾಯಿತು. ಆದರೆ ಆ ಅಸೂಯೆ ಬೇಗ ಆರಿತು. ಅಲ್ಲಿ ಅರ್ಧಕ್ಕರ್ಧ ಯಂತ್ರಗಳು ನಿಂತಿದ್ದವು. ಹಳ್ಳಿಗಳಲ್ಲಿ ಹುಳ ಸಾಕುವವರು ಕಡಿಮೆಯಾಗುತ್ತಿದ್ದಾರೆ, ಹೊಸಬರು ಕಲಿಯಲು ಬರುತ್ತಿಲ್ಲ ಎಂದ ಓಗಾವಾ. ಆರದೆ ಉಳಿದದ್ದು ಬೀರಮ್ಮನ ಮೇಲಿನದು.

ಮೊದಲ ವಾರ ಹರು-ಸಾನ್ ಹೇಳಿದ್ದು ಓಗಾವಾನ ಬಾಯಿಂದ ನನಗೆ, ನನ್ನ ಬಾಯಿಂದ ಬೀರಮ್ಮನಿಗೆ ಹೋಗುತ್ತಿತ್ತು. ಎರಡನೆಯ ವಾರದಿಂದ ಅವರಿಬ್ಬರಿಗೆ ನಾವು ಬೇಕಾಗಲಿಲ್ಲ. ಹರು-ಸಾನ್ ನೀರಿಗೆ ಬೆರಳದ್ದಿ ತಲೆಯಾಡಿಸಿದರೆ ಬೀರಮ್ಮ ಬೆಂಕಿ ಸಣ್ಣ ಮಾಡುತ್ತಿದ್ದಳು. ಬೀರಮ್ಮ ಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ ಮುಖ ಸಿಂಡರಿಸಿದರೆ ಹರು-ಸಾನ್ ಅದನ್ನು ತೆಗೆದು ಬದಿಗಿಡುತ್ತಿದ್ದರು. ಒಬ್ಬರು ಜಪಾನಿಯಲ್ಲಿ, ಇನ್ನೊಬ್ಬರು ಕನಕಪುರದ ಕನ್ನಡದಲ್ಲಿ ದಿನವಿಡೀ ಮಾತಾಡುತ್ತಿದ್ದರು. ನಾನು ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಡಿಗ್ರಿ ಬರೆದುಕೊಳ್ಳುತ್ತಿದ್ದೆ. ನಾನೂ ಕೂತು ನೂಲು ತೆಗೆಯಲು ಯತ್ನಿಸಿದೆ. ಹತ್ತು ನಿಮಿಷಕ್ಕೆ ನಾಲ್ಕು ಸಲ ಎಳೆ ಹರಿಯಿತು. ಹರು-ಸಾನ್ ಬಲು ಮರ್ಯಾದೆಯಿಂದ ನನ್ನ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು.

ಆ ಮರ್ಯಾದೆ ನನ್ನನ್ನು ಸುಟ್ಟಿತು. ಓದಿದವಳು ನಾನು, ಇಂಗ್ಲಿಷ್ ಬಲ್ಲವಳು ನಾನು, ಈ ದಿನಕ್ಕಾಗಿ ತಿಂಗಳುಗಟ್ಟಲೆ ಪುಸ್ತಕ ತಿರುವಿದವಳು ನಾನು. ಊರಿನಲ್ಲಿ ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದ ಹೆಂಗಸನ್ನು ಇಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಹೆಸರು ಓಗಾವಾನ ಹೊರತು ಯಾರ ನಾಲಿಗೆಗೂ ಹತ್ತಲಿಲ್ಲ. ಬೀರಮ್ಮನ ಮೇಲೆ ಸಣ್ಣಪುಟ್ಟದಕ್ಕೆ ಸಿಡುಕತೊಡಗಿದೆ. ಚಪ್ಪಲಿ ತಪ್ಪಾಗಿ ಬಿಟ್ಟಳು ಎಂದು ಒಮ್ಮೆ ಎಲ್ಲರೆದುರು ಗದರಿಸಿದೆ. "ಆಯ್ತು ಮೇಡಂ" ಎಂದು ಸರಿಯಾಗಿ ಜೋಡಿಸಿಟ್ಟು ಹೋದಳು. ಅವಳು ಎದುರಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಏನೋ.

ಆರನೆಯ ವಾರ ಮೊದಲ ಹಿಮ ಬಿತ್ತು. ಅದರ ಮಾರನೆಯ ಬೆಳಿಗ್ಗೆ ಹರು-ಸಾನ್ ರಾಟೆ ನಿಲ್ಲಿಸಿ, ಓಗಾವಾನನ್ನು ಕರೆದು, ಬೀರಮ್ಮನ ಭುಜದ ಮೇಲೆ ಕೈಯಿಟ್ಟು ಬಹಳ ಹೊತ್ತು ಮಾತಾಡಿದರು. ಓಗಾವಾ ನನ್ನತ್ತ ತಿರುಗಿದ.

"ಇವರು ವಸಂತ ಮುಗಿಯುವವರೆಗೆ ಇಲ್ಲೇ ಉಳಿಯಲಿ ಎಂದು ಹರು-ಸಾನ್ ಕೇಳುತ್ತಿದ್ದಾರೆ. ಈಗ ಕಲಿಸಿರುವುದು ಶರತ್ಕಾಲದ ಗೂಡು. ವಸಂತದ ಗೂಡಿನ ಅಂಟು ಬೇರೆ, ಬೇಯಿಸುವ ಬಗೆಯೂ ಬೇರೆ. ತಮ್ಮ ಮನೆಯಲ್ಲೇ ಇರಿಸಿಕೊಳ್ಳುತ್ತಾರಂತೆ. ಇವರು ಒಪ್ಪಿದರೆ ಸಂಸ್ಥೆ ನಿಮ್ಮ ಇಲಾಖೆಗೆ ಪತ್ರ ಬರೆಯುತ್ತದೆ. ದಯವಿಟ್ಟು ಇವರನ್ನು ಕೇಳಿ."

ಬೀರಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನನ್ನ ಮುಖ ನೋಡುತ್ತಿದ್ದಳು. "ಏನಂತೆ ಮೇಡಂ ಅರಮ್ಮ?"

ಆ ಕ್ಷಣ ನನ್ನೊಳಗೆ ಏನು ನಡೆಯಿತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಒಬ್ಬಳೇ ವಿಮಾನ ಹತ್ತಿ ಹೋಗುವುದು, 'ಬೀರಮ್ಮ ಎಲ್ಲಿ' ಎಂದು ಕಚೇರಿಯಲ್ಲಿ ಎಲ್ಲರೂ ಕೇಳುವುದು, ಅವಳನ್ನು ಉಳಿಸಿಕೊಂಡರು, ನನ್ನನ್ನು ಕಳಿಸಿದರು ಎಂದು ನಾನೇ ಹೇಳಬೇಕಾಗುವುದು ಕಣ್ಣಮುಂದೆ ಬಂತು.

"ನಿನ್ನ ಕೆಲಸ ತುಂಬಾ ಚೆನ್ನಾಗಿದೆಯಂತೆ. ಊರಿಗೆ ಹೋದಮೇಲೂ ಹೀಗೇ ಮಾಡಬೇಕಂತೆ" ಎಂದೆ.

ಅವಳ ಮುಖ ಅರಳಿತು. "ಆಯ್ತು ಅನ್ನಿ ಮೇಡಂ, ಮಾಡ್ತೀನಿ ಅನ್ನಿ" ಎಂದು ಜೋರಾಗಿ ತಲೆಯಾಡಿಸಿದಳು.

ಹರು-ಸಾನ್ ಅದನ್ನು ಒಪ್ಪಿಗೆಯೆಂದು ತಿಳಿದು ನಗತೊಡಗಿದರು. ನಾನು ಎರಡನೆಯ ಸುಳ್ಳು ಹೇಳಲೇಬೇಕಾಯಿತು. "ಅವಳು ಧನ್ಯವಾದ ಹೇಳುತ್ತಿದ್ದಾಳೆ. ಆದರೆ ಚಿಕ್ಕ ಮಗಳಿದ್ದಾಳೆ, ಉಳಿಯಲಾಗುವುದಿಲ್ಲವಂತೆ" ಎಂದೆ ಇಂಗ್ಲಿಷಿನಲ್ಲಿ. ಓಗಾವಾ ಅದನ್ನು ಹೇಳಿದ. ಹರು-ಸಾನ್ ಬೀರಮ್ಮನ ನಗುಮುಖವನ್ನು ಅರ್ಥವಾಗದೆ ನೋಡಿದರು. ಆಮೇಲೆ ತಲೆಬಾಗಿ ರಾಟೆಯತ್ತ ತಿರುಗಿಕೊಂಡರು. ನಾವು ಹೊರಡುವ ದಿನ ರೈಲ್ವೆ ಸ್ಟೇಷನ್ನಿಗೆ ಬಂದಿದ್ದರು. ಬೀರಮ್ಮ ಅವರ ಕಾಲು ಮುಟ್ಟಿ ನಮಸ್ಕರಿಸಿದಾಗ ಗಾಬರಿಯಾಗಿ ತಾವೂ ನೆಲಕ್ಕೆ ಬಗ್ಗಿದರು.

ಊರಿಗೆ ಬಂದ ಮೇಲೆ ನನ್ನನ್ನು ಹೊಸ ತರಬೇತಿ ಘಟಕಕ್ಕೆ ಮುಖ್ಯಸ್ಥೆಯನ್ನಾಗಿ ಮಾಡಿದರು. ಬೀರಮ್ಮ ಅದೇ ಘಟಕದಲ್ಲಿ, ಹಿಂದಿನ ಹಾಗೆಯೇ ದಿನಗೂಲಿಗೆ. ನಾನು ಕಪ್ಪುಹಲಗೆಯ ಮುಂದೆ ನೋಟ್‌ಬುಕ್ ಓದುತ್ತಿದ್ದೆ. ಕಲಿಯಲು ಬಂದವರು ಒಬ್ಬೊಬ್ಬರಾಗಿ ಅವಳ ಒಲೆಯ ಸುತ್ತ ಹೋಗಿ ಕೂರುತ್ತಿದ್ದರು. ದೇಶ ಬದಲಾದರೂ ನನ್ನ ಹೊಟ್ಟೆಯ ಉರಿ ಬದಲಾಗಿರಲಿಲ್ಲ. ಹೇಗಿದ್ದರೂ ಅವಳು ಮಗಳನ್ನು ಬಿಟ್ಟು ಉಳಿಯುತ್ತಿರಲಿಲ್ಲ, ನಾನು ಅವಳ ಉತ್ತರವನ್ನೇ ಮುಂಚಿತವಾಗಿ ಹೇಳಿದೆ ಅಷ್ಟೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಬೇಸಿಗೆಯ ಕೊನೆಯಲ್ಲಿ ಬೈರಮಂಗಲದ ಚನ್ನೇಗೌಡರು ಮೊದಲ ಬಿಳಿ ಗೂಡು ತಂದರು. ನನ್ನ ಮಾತು ನಂಬಿ ಆ ತಳಿ ಸಾಕಿದ್ದ ಆರು ಮನೆಗಳ ಪರವಾಗಿ ಬಂದಿದ್ದರು. ಗೂಡು ಚೆನ್ನಾಗಿಯೇ ಇತ್ತು. ಒಲೆಗೆ ಹಾಕಿದರೆ ಎಳೆ ಬಿಚ್ಚಲೇ ಇಲ್ಲ. ಹೊರಗಿನ ಪದರ ಮುದ್ದೆಯಾಗುತ್ತಿತ್ತು, ಒಳಗಿನದು ಹಾಗೇ ಗಟ್ಟಿಯಾಗಿ ಉಳಿಯುತ್ತಿತ್ತು. ನಾನು ನೋಟ್‌ಬುಕ್ಕಿನಲ್ಲಿದ್ದ ಶರತ್ಕಾಲದ ಗೂಡಿನ ಡಿಗ್ರಿಯನ್ನೇ ಹಿಡಿದು ಕೂತೆ. ಮೂರು ದಿನ ಅದೇ ಕಥೆ. ಗೂಡು ಕೊಂಡು ನೂಲು ತೆಗೆಸುವ ಪೇಟೆಯ ರೀಲರುಗಳು ಬಂದು ನೋಡಿ, ಈ ಬಿಳಿ ಗೂಡಿನ ಸಹವಾಸ ಬೇಡ ಎಂದು ಹೋದರು.

"ಏನವ್ವಾ, ನೀವು ಹೇಳ್ದಂಗೇ ಸಾಕುದ್ವಲ್ಲ. ನಾವೆಲ್ ತಪ್ಪುದ್ವಿ ಅದ್ನಾದ್ರೂ ಹೇಳಿ" ಎಂದರು ಚನ್ನೇಗೌಡರು. ಅವರು ಎಲ್ಲೂ ತಪ್ಪಿರಲಿಲ್ಲ.

ಬೀರಮ್ಮ ಬೇಯಿಸಿದ ಗೂಡೊಂದನ್ನು ಬೆರಳಲ್ಲಿ ಒತ್ತಿ ನೋಡುತ್ತ, "ಇದು ಆ ಗೂಡಲ್ಲ ಮೇಡಂ. ಅಂಟೇ ಬ್ಯಾರೆ ಐತೆ. ಅರಮ್ಮ ಇನ್ನೊಸಿ ದಿನ ಇರುಸ್ಕಂಡು ಹೇಳ್ಕೊಟ್ಟಿದ್ರೆ ಗೊತ್ತಾಗೋದು" ಎಂದಳು. ಅವಳ ಮಾತಿನಲ್ಲಿ ಯಾವ ಇರಿತವೂ ಇರಲಿಲ್ಲ. ಸುಮ್ಮನೆ ಆಡಿದ ಮಾತು.

ನಾನು ಚನ್ನೇಗೌಡರನ್ನು ಹೊರಗೆ ಕೂರಿಸಿ ಬಂದೆ. ಅವಳ ಒಲೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಆ ದಿನ ಹರು-ಸಾನ್ ಕೇಳಿದ್ದೇನು, ನಾನು ಹೇಳಿದ್ದೇನು, ಎರಡನ್ನೂ.

ಅವಳು ರಾಟೆಯಿಂದ ಕೈ ತೆಗೆದಳು.

"ಉಳ್ಕಂತಿದ್ದೆ ಮೇಡಂ" ಎಂದಳು. "ಮಗೀನ ನಮ್ಮವ್ವ ನೋಡ್ಕತಿತ್ತು. ನಾನ್ ಉಳ್ಕಂತಿದ್ದೆ. ನನ್ನ ಒಂದ್ ಮಾತು ಕೇಳ್ಬೇಕಿತ್ತು."

ಒಲೆಯ ಬೆಂಕಿ ಕೆದಕಿ ಆರಿಸಿದಳು, ಸೆರಗು ಕೊಡವಿಕೊಂಡು ಹೊರಟುಹೋದಳು. ನಾಲ್ಕು ದಿನ ಬರಲಿಲ್ಲ.

ಐದನೆಯ ದಿನ ನಾನೇ ಕನಕಪುರದ ಬಸ್ಸು ಹಿಡಿದು ಅವಳ ಹಳ್ಳಿಗೆ ಹೋದೆ. ಬೀರಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ಅವಳ ತಾಯಿ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಬೀರಮ್ಮ ಏನೂ ಹೇಳಿರಲಿಲ್ಲವೆಂದು ಅದರಿಂದಲೇ ತಿಳಿಯಿತು. ನಾನು ತಪ್ಪಾಯಿತು ಎಂದೆ. ಅವಳು ಪೊರಕೆ ಮೂಲೆಗಿಟ್ಟು ಬಂದು ಎದುರಿಗೆ ಕೂತಳು.

"ಅರಮ್ಮಂಗೆ ಕಾಗ್ದ ಬರೀರಿ. ನಾನ್ ಹೇಳ್ದಂಗೇ ಬರೀಬೇಕು."

ಬ್ಯಾಗಿನಿಂದ ಕಾಗದ ತೆಗೆದೆ. ಅವಳು ಒಂದೊಂದೇ ವಾಕ್ಯ ಹೇಳಿದಳು, ನಾನು ಇಂಗ್ಲಿಷಿಗೆ ತಿರುಗಿಸಿ ಬರೆದೆ. ವಸಂತದ ಗೂಡು ಹೇಗೆ ಬೇಯಿಸಬೇಕು, ನಮ್ಮ ಬೋರ್‌ವೆಲ್ ನೀರು ಗಡಸು, ಅದಕ್ಕೇನು ಮಾಡಬೇಕು, ಎಂದೆಲ್ಲ. ಆಮೇಲೆ, "ನೀವು ಇರು ಅಂದಿದ್ದು ನಂಗೆ ಗೊತ್ತಿರ್ನಿಲ್ಲ. ಗೊತ್ತಿದ್ರೆ ಇರ್ತಿದ್ದೆ. ನಮ್ ಮೇಡಮ್ಮು ಹೊಟ್ಟೆಕಿಚ್ಚಿಗೆ ನಂಗೆ ಹೇಳ್ನಿಲ್ಲ, ಅಂತ ಬರೀರಿ" ಎಂದಳು.

ನನ್ನ ಪೆನ್ನು ನಿಂತಿತು. ಹೊಟ್ಟೆಕಿಚ್ಚು ಎಂಬ ಪದವನ್ನು ನಾನು ಅವಳೆದುರು ಬಳಸಿರಲಿಲ್ಲ. ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ಬರುದ್ರಾ?" ಎಂದಳು.

ಬರೆದೆ. ಓದಿ ಹೇಳಿ ಎಂದಳು. ಇಂಗ್ಲಿಷಿನಲ್ಲಿ ಓದಿ, ಮತ್ತೆ ಕನ್ನಡದಲ್ಲಿ ಹೇಳಿದೆ. ಅವಳ ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮಾರನೆಯ ದಿನ ಬೀರಮ್ಮ ಕೆಲಸಕ್ಕೆ ಬಂದಳು.

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಬರೆದವನು ಓಗಾವಾ. ಕೈಯಿಂದ ನೂಲು ತೆಗೆಯುವ ವಿಭಾಗವನ್ನು ಸಂಸ್ಥೆ ಮುಚ್ಚಿತ್ತು. ಹರು-ಸಾನ್ ದೂರದ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಪತ್ರವನ್ನು ಅಲ್ಲಿಗೆ ಕಳಿಸಿ ಅವರಿಂದ ಹೇಳಿಸಿ ಬರೆದಿದ್ದ. ಗೂಡನ್ನು ಮೊದಲು ಕುದಿಯುವ ನೀರಿಗೆ, ಆಮೇಲೆ ತಣ್ಣನೆಯದಕ್ಕೆ, ಮತ್ತೆ ಬಿಸಿಗೆ ಹಾಕಬೇಕು. ಎಷ್ಟು ಹೊತ್ತು ಎಂಬುದನ್ನು ಗೂಡು ನೀರಿನಲ್ಲಿ ಮುಳುಗುವ ರೀತಿ ನೋಡಿ ತಿಳಿಯಬೇಕು. ಅದಕ್ಕೆ ಹರು-ಸಾನ್ ತಾವೇ ಚಿತ್ರ ಬರೆದಿದ್ದರು. ಉಳಿದದ್ದನ್ನು ಪತ್ರದಲ್ಲಿ ಹೇಳಲಾಗದು, ಪಕ್ಕದಲ್ಲಿ ಕೂತೇ ಕಲಿಯಬೇಕು, ಅದಕ್ಕೆ ಈಗ ಜಾಗವಿಲ್ಲ ಎಂದಿದ್ದರು. ಬೀರಮ್ಮನ ಮಗಳ ಕ್ಷೇಮ ಕೇಳಿದ್ದರು. ನನ್ನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಎರಡು ಸಲ ಹುಡುಕಿದೆ.

ಆ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡು, ಮಳೆನೀರು ಹಿಡಿದಿಟ್ಟು, ಬೀರಮ್ಮ ಗೂಡು ಹಾಳುಮಾಡುತ್ತ ಮಾಡುತ್ತ ಹಾದಿ ಹುಡುಕಿದಳು. ಮುಂದಿನ ಬೇಸಿಗೆಯ ಹೊತ್ತಿಗೆ ಬಿಳಿ ಗೂಡು ಅವಳ ಕೈಗೆ ಹೆಚ್ಚೂ ಕಡಿಮೆ ಬಗ್ಗಿತು. ಹರು-ಸಾನ್ ಒಂದು ವಸಂತದಲ್ಲಿ ಕಲಿಸುತ್ತಿದ್ದುದಕ್ಕೆ ಅವಳಿಗೆ ಒಂದು ವರ್ಷ ಹಿಡಿಯಿತು. ಆರು ಮನೆಗಳಲ್ಲಿ ಎರಡು ಅಷ್ಟರಲ್ಲಿ ಹಳದಿ ಗೂಡಿಗೆ ಮರಳಿದ್ದವು. ಅವಳನ್ನು ಖಾಯಂ ಬೋಧಕಿಯಾಗಿ ನೇಮಿಸಬೇಕೆಂದು ನಾನು ಮೇಲಿಂದ ಮೇಲೆ ಬರೆದೆ. ಮೂರು ವರ್ಷದ ಮೇಲೆ ಆದೇಶ ಬಂತು. ಅದನ್ನು ನನ್ನ ಉಪಕಾರವೆಂದು ಅವಳು ಎಂದೂ ಅಂದುಕೊಳ್ಳಲಿಲ್ಲ, ಅದು ಸರಿಯೇ.

ಹೊಟ್ಟೆಕಿಚ್ಚು ನನ್ನನ್ನು ಬಿಟ್ಟುಹೋಯಿತೆಂದು ಹೇಳಿದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಅವಳ ಒಲೆಯ ಸುತ್ತ ಜನ ಕೂತಾಗೆಲ್ಲ ನನಗೆ ಒಳಗೆ ಚುರುಕ್ಕೆನ್ನುತ್ತಿತ್ತು. ಕೆಲಸ ನನಗೆ ಕಲಿಸಿದ್ದು ಬೇರೆ: ಇಬ್ಬರ ನಡುವೆ ನಿಂತವಳಿಗೆ ಒಳಗೆ ಏನೇ ಅನ್ನಿಸಲಿ, ಮಾತನ್ನು ಮಾತ್ರ ಪೂರ್ತಿ ದಾಟಿಸಬೇಕು.

ಆಮೇಲಿನ ವರ್ಷಗಳಲ್ಲಿ ಹೊರದೇಶದಿಂದ ಎಷ್ಟೋ ತಂಡಗಳು ನಮ್ಮ ಘಟಕಕ್ಕೆ ಬಂದವು. ಅವರ ಮಾತನ್ನು ನಾನೇ ಕನ್ನಡಕ್ಕೆ ಹೇಳುತ್ತಿದ್ದೆ. ಹೇಳಿ ಮುಗಿಸಿದೊಡನೆ ಬೀರಮ್ಮ ಕೇಳುತ್ತಿದ್ದಳು, "ಅಷ್ಟೇನಾ ಮೇಡಂ? ಇನ್ನೇನೂ ಅನ್ನಿಲ್ವಾ?" ನಾನು ನಿವೃತ್ತಳಾಗುವವರೆಗೆ, ಒಂದು ಸಲವೂ ಬಿಡದೆ ಕೇಳಿದಳು. "ಅಷ್ಟೇ ಬೀರಮ್ಮ" ಎಂದು ನಾನು ಹೇಳುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಬಂದವರ ಮುಖ ನೋಡಿ ಖಾತ್ರಿ ಮಾಡಿಕೊಂಡು, ಆಮೇಲೆ ಒಲೆಯತ್ತ ತಿರುಗುತ್ತಿದ್ದಳು.